ಎಕ್ಸ್‌ಪ್ರೆಸ್ಸಿಗೆ ಅಡ್ಡ ನಿಂತವಳಿಗೆ

ಹಿರಿಯೂರು
ಗುರುವಾರ, 18-7-1974

ಚಿ. ಸೌ. ಈರಕ್ಕನಿಗೆ,

ನಿನ್ನ ಗಂಡ ಹಾಲಸ್ವಾಮಿಯ ಆಶೀರ್ವಾದ. ಬೇಡವೆಂದರೂ ತೆಗೆದುಕೋ. ನಾನು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಕ್ಷೇಮವಾಗಿಲ್ಲ. ನೀನು ಹೋದಾಗಿನಿಂದ ಮಂಡಕ್ಕಿ ತಿಂದು ನೀರು ಕುಡಿದು ಬದುಕಿದ್ದೇನೆ. ಅತ್ತೆಯ ಮಂಡಿನೋವು ಹೇಗಿದೆ? ಮಾವ ನಿನ್ನೆ ಹೊತ್ತು ಮುಳುಗುವುದರೊಳಗೆ ಮತ್ತೋಡು ಸೇರಿದರೇ? ನಿನ್ನ ಕೆಮ್ಮು ಹೋಯಿತೇ, ಅಥವಾ ಸೋಮವಾರ ಅಷ್ಟು ಕೂಗಿದ ಮೇಲೆ ಗಂಟಲೇ ಹೋಯಿತೇ?

ಆ ಸೋಮವಾರದ್ದೇ ಮಾತು. ಹಿರಿಯೂರಿನಲ್ಲಿ ಇನ್ನೂ ಯಾರೂ ಅದನ್ನು ಮರೆತಿಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಎಂದಿನಂತೆ ಹೈವೇ ಪಕ್ಕದಲ್ಲಿ ನಾನು ಮಾಂಸ ಹಾಕುವ ಹೋಟೆಲ್ಲಿನ ಮುಂದೆ ಊಟಕ್ಕೆ ನಿಂತಿತು. ಜನ ಇಳಿಯುವ ಮೊದಲೇ ನೀನು ಬಾಗಿಲಿಗೆ ಅಡ್ಡ ನಿಂತು, ಎರಡೂ ಕೈ ಚಾಚಿ, ‘ಉಣ್ಣಬ್ಯಾಡ್ರಪ್ಪೋ, ಸತ್ತ ಕುರಿ ಬೇಯ್ಸ್ಯಾರೆ, ನನ್ ಗಂಡನೇ ತಂದ್ ಹಾಕಿರಾದು’ ಎಂದು ಕೂಗಿದೆ. ಸತ್ತ ಕುರಿ ಎಂದಷ್ಟೇ ಹೇಳಿದ್ದರೆ ಸಾಲುತ್ತಿರಲಿಲ್ಲವೇ? ನನ್ನ ಗಂಡ ಎಂದು ಸೇರಿಸಲೇಬೇಕಾಗಿತ್ತೇ? ಒಬ್ಬನೂ ಕೆಳಗಿಳಿಯಲಿಲ್ಲ. ಪುಕ್ಕಟೆ ಊಟ ತಪ್ಪಿದ ಡ್ರೈವರು, ಕಂಡಕ್ಟರು ನನ್ನನ್ನು ನುಂಗುವ ಹಾಗೆ ನೋಡಿದರು. ಕಿಟಕಿಯ ಕೆಳಗೆ ಬಾಳೆಹಣ್ಣು ಮಾರುವ ಓಬಮ್ಮನಿಗೆ ಮಾತ್ರ ಅಂದು ಹಬ್ಬ. ಈಗ ನನ್ನನ್ನು ಕಂಡಾಗಲೆಲ್ಲ, ‘ನಿನ್ ಹೆಂಡ್ತಿ ಯಾವಾಗ ಬರ್ತಾಳಪ್ಪ?’ ಎಂದು ಕೇಳುತ್ತಾಳೆ. ನೀನು ಮಾತ್ರ ಮನೆಗೂ ಬರದೆ ಅಲ್ಲಿಂದಲೇ ತವರಿನ ಬಸ್ಸು ಹತ್ತಿದೆ.

ನೀನು ಹೋದ ಮೇಲೆ ಏನಾಯಿತು ಗೊತ್ತೇ? ಸಂಜೆ ಇನ್ನೊಂದು ಬಸ್ಸು ಬಂತು. ಅದರಲ್ಲಿದ್ದವರಿಗೆ ನಿನ್ನ ಕೂಗಾಟ ಏನು ಗೊತ್ತು? ಅದೇ ಸಾರು ಉಂಡು, ಬಾಯಿ ಚಪ್ಪರಿಸಿ ಹೋದರು. ಅವರಲ್ಲಿ ಒಬ್ಬರಾದರೂ ಹಿಂದಕ್ಕೆ ಬಂದು ದೂರು ಹೇಳಿದ್ದಾರೆಯೇ? ಇಲ್ಲ. ಸಂತೆಯಲ್ಲಿ ಅರ್ಧ ಕಿಲೋ ಮಾಂಸ ಕೊಳ್ಳುವಾಗ ಓಬಮ್ಮ ಕೂಡ ಕುರಿಯ ಹಲ್ಲು ನೋಡುತ್ತಾಳೆ, ಕಣ್ಣು ನೋಡುತ್ತಾಳೆ, ಎದುರಿಗೇ ಕೊಯ್ಯಿ ಎನ್ನುತ್ತಾಳೆ. ಹೋಟೆಲ್ಲಿನ ಸಾಹುಕಾರರು ತಕ್ಕಡಿಯ ಮುಳ್ಳು ಬಿಟ್ಟು ಬೇರೇನೂ ನೋಡಿದವರಲ್ಲ. ಭಾನುವಾರ ಕುರಿ ಹಾಕುವಾಗ ನಾನಾಗಿಯೇ ಹೇಳಲು ಹೋದೆ. ‘ಹಾಲಸ್ವಾಮಿ, ನಂಗೇನೂ ಹೇಳ್ಬ್ಯಾಡ ಕಣಪ್ಪ. ಬಸ್ಸು ನಿಲ್ಲಾದು ಇಪ್ಪತ್ ನಿಮಿಷ. ಖಾರ ಹತ್ತಿ ನೀರು ಕುಡಿಯಾದ್ರಾಗೆ ಹಾರ್ನ್ ಆಗ್ತೈತೆ’ ಎಂದು ಬಾಯಿ ಮುಚ್ಚಿಸಿದರು. ಉಂಡವರು ತುಮಕೂರಿನಲ್ಲಿ ಹೊಟ್ಟೆ ಹಿಡಿದುಕೊಂಡರೆ ತುಮಕೂರಿನ ನೀರನ್ನು ಬೈಯುತ್ತಾರೆ. ಸಾಹುಕಾರರು ಕೇಳಲಿಲ್ಲ, ನಾನು ಹೇಳಲಿಲ್ಲ, ಉಂಡವರಿಗೆ ಗೊತ್ತೇ ಇಲ್ಲ. ಇಷ್ಟು ಜನರಲ್ಲಿ ನಿನ್ನ ಕೈಗೆ ಸಿಕ್ಕವನು ನಾನೊಬ್ಬನೇ!

ನಿಮ್ಮ ತವರಿನ ಕಟ್ಟಳೆ ನನಗೆ ಗೊತ್ತಿಲ್ಲವೆಂದಲ್ಲ. ಮದುವೆಯಾದಾಗಿನಿಂದ ಕೇಳಿ ಕೇಳಿ ಕಿವಿ ತೂತಾಗಿದೆ. ಮೂಗಿನಲ್ಲಿ ಕಪ್ಪು ರಕ್ತ ಬಂದು ಸತ್ತ ಕುರಿಯನ್ನು ಸುಲಿಯಬಾರದು, ಉಣ್ಣೆಯನ್ನೂ ಮುಟ್ಟಬಾರದು, ಎದೆಮಟ್ಟ ಗುಂಡಿ ತೋಡಿ ಇದ್ದ ಹಾಗೇ ಹೂತು ಮೇಲೆ ಜಾಲಿಮುಳ್ಳು ಹೇರಬೇಕು, ನಾಯಿಗೂ ಹಾಕಬಾರದು. ಸರಿ, ಒಪ್ಪಿದೆ. ಯಲ್ಲದಕೆರೆಯ ಎತ್ತಪ್ಪನೂ ತನ್ನ ಹಟ್ಟಿಯ ಹಿಂದೆ ಗುಂಡಿ ತೋಡುತ್ತಿದ್ದ, ಅದೂ ನಿಜ. ಮೂರು ಕುರಿ ಮಣ್ಣುಪಾಲಾಗುವುದೇಕೆ ಎಂದು ನಾನೇ ತಡೆದು ಗಾಡಿಗೆ ಹಾಕಿಸಿಕೊಂಡೆ. ಆದರೆ ಅವು ಹೊಸ ಮಳೆಯ ಚಿಗುರು ಮೇದು ಹೊಟ್ಟೆಯುಬ್ಬಿ ಸತ್ತ ಕುರಿಗಳು. ಮೂಗಿನಲ್ಲಿ ರಕ್ತವೂ ಇರಲಿಲ್ಲ, ಗಿಕ್ತವೂ ಇರಲಿಲ್ಲ. ಒಂದರ ಮೂಗಿನಲ್ಲಿ ನೀನು ಕಂಡದ್ದು ಯಲ್ಲದಕೆರೆಯ ಕೆಸರು. ಎಷ್ಟು ಸಲ ಹೇಳಲಿ? ಇನ್ನೊಂದು ಮಾತನ್ನೂ ಕೇಳು. ಮಂಗಳವಾರ ಎತ್ತಪ್ಪನ ಹಟ್ಟಿಯಲ್ಲಿ ಮತ್ತೆರಡು ಬಿದ್ದವು. ಅವನ್ನೂ ಹೋಟೆಲ್ಲಿಗೇ ಹಾಕಿದೆ. ಹೆಂಡತಿ ಹೇಳಿದಂತೆ ಕುಣಿಯುವವನು ನಾನಲ್ಲ ಎಂದು ಊರಿಗೆ ಗೊತ್ತಾಗಲಿ ಎಂದೇ ಹಾಕಿದೆ.

ನಿನ್ನೆ ಮಾವ ಬಂದಿದ್ದರು. ಬೈಯುತ್ತಾರೆಂದು ನಾನು ಉತ್ತರಗಳನ್ನೆಲ್ಲ ಸಿದ್ಧ ಮಾಡಿಕೊಂಡು ಕುಳಿತಿದ್ದೆ. ಅವರು ಜಗುಲಿಯ ಮೇಲೆ ಕಂಬಳಿ ಹಾಸಿ ಕುಳಿತು, ಮಳೆಯ ವಿಚಾರ, ಮಾರಿಕಣಿವೆಯ ಅಣೆಕಟ್ಟೆಗೆ ನೀರು ಬಂದ ವಿಚಾರ ಮಾತಾಡಿ, ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು. ‘ಮೂಗ್ನಾಗೆ ರಕ್ತ ಬಂದಿತ್ತೇನಪ್ಪ?’ ಇಲ್ಲ ಮಾವ ಎಂದೆ. ಅವರು ಕಂಬಳಿ ಮಡಿಚುತ್ತಾ, ‘ಅಂಗಾದ್ರೆ ಸರಿ ಬಿಡು. ಮಗಳಿಗೆ ನಾನ್ ಹೇಳ್ತೀನಿ’ ಎಂದು ಎದ್ದರು. ಒಂದು ಮುದ್ದೆ ಮಾಡಿ ಹಾಕೋಣವೆಂದರೆ ಹಿಟ್ಟಿನ ಡಬ್ಬ ಎಲ್ಲಿಟ್ಟಿದ್ದೀಯೋ ದೇವರೇ ಬಲ್ಲ. ಹೆಣ್ಣು ಕೊಟ್ಟ ಮಾವನನ್ನು ಬರಿಹೊಟ್ಟೆಯಲ್ಲಿ ಕಳಿಸಿದೆ. ಅದೂ ನಿನ್ನಿಂದಲೇ.

ನೋಡು, ಮಾವನಿಗೇ ನನ್ನ ಮಾತಿನ ಮೇಲೆ ನಂಬಿಕೆ ಬಂದಿದೆ. ನಿನ್ನದೇನು ಹಟ? ಶನಿವಾರ ಹೊರಟು ಬಾ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ಬೈಯುವವರಿಲ್ಲದೆ ನನಗೆ ಹೊತ್ತೇ ಹೋಗುತ್ತಿಲ್ಲ. ಬಂದು ಬೇಕಾದರೆ ಇಲ್ಲೇ ಕುಳಿತು ಬೈ, ನಾನು ಎದುರಾಡುವುದಿಲ್ಲ.

ಅತ್ತೆಗೂ ಮಾವನಿಗೂ ನನ್ನ ನಮಸ್ಕಾರ ಹೇಳು. ನಿನಗೆ, ಮೇಲೆ ಕೊಟ್ಟ ಆಶೀರ್ವಾದವೇ ಸಾಕು.

ಇಂತಿ,
ಹಾಲಸ್ವಾಮಿ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಹೋಟೆಲ್ಲಿನ ಅಡಿಗೆಯ ಚಿತ್ತಯ್ಯ ಬಂದ. ಒಳ್ಳೆಯ ಸುದ್ದಿ ತಂದವನ ಹಾಗೆ ನಗುತ್ತಾ ಹೇಳಿದ. ಮಾವ ನಿನ್ನೆ ಬಸ್ಸು ಹತ್ತುವ ಮೊದಲು ಹೋಟೆಲ್ಲಿಗೆ ಹೋಗಿದ್ದರಂತೆ. ‘ನಮ್ ಅಳಿಯ ತಂದಿರಾ ಮಾಂಸನೇ ಬಡ್ಸಪ್ಪ. ನಾನೇ ಉಂಡ್ ಬಂದೀನಿ ಅಂದ್ರೆ ನನ್ ಮಗಳು ನಂಬ್ತಾಳೆ, ವಾಪಸ್ ಹೋಗ್ತಾಳೆ’ ಎಂದು ಎರಡು ಸಲ ಬಡಿಸಿಕೊಂಡು ಉಂಡರಂತೆ. ಈರಕ್ಕ, ರಕ್ತ ಇತ್ತು. ಎರಡು ಕುರಿಯ ಮೂಗನ್ನು ನೀನು ಗಾಡಿಯ ಹತ್ತಿರ ಬರುವ ಮೊದಲೇ ಗೋಣಿತಾಟಿನಲ್ಲಿ ಒರೆಸಿದ್ದೆ. ಮೂರನೆಯದನ್ನು ಒರೆಸುತ್ತಿದ್ದಾಗ ನೀನು ಬಂದೆ. ಮಂಗಳವಾರದ ಎರಡಕ್ಕೂ ಇತ್ತು. ಮಾವ ಉಂಡದ್ದು ಅದನ್ನೇ. ಈ ಕಾಗದ ಕೈಗೆ ಬಂದ ತಕ್ಷಣ ಅವರನ್ನು ಹೊಸದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗು. ಏನೂ ಆಗಿಲ್ಲ ಎಂದರೂ ಬಿಡಬೇಡ. ಡಾಕ್ಟರು ಕೇಳಿದರೆ ನನ್ನ ಮರ್ಯಾದೆ ನೋಡಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳು. ಅಂಚೆಯನ್ನು ನಂಬದೆ ಮತ್ತೋಡಿನ ಮೇಲೆ ಹೋಗುವ ಹನ್ನೆರಡು ಗಂಟೆಯ ಹೊಸದುರ್ಗದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೇನೆ. ಅದೇ ಬಸ್ಸಿಗೆ ನಾನೂ ಬರುತ್ತಿದ್ದೆ. ಆದರೆ ಚಿತ್ತಯ್ಯ ಉಳಿದ ಮಾಂಸವನ್ನು ಒಲೆಯ ಮೇಲಿಟ್ಟು ಬಂದಿದ್ದಾನೆ. ಇಳಿಸೋ ಎಂದರೆ ಸಾಹುಕಾರರನ್ನು ಕೇಳಿ ಎನ್ನುತ್ತಾನೆ. ಹನ್ನೆರಡೂವರೆಗೆ ಎಕ್ಸ್‌ಪ್ರೆಸ್ ಬರುತ್ತದೆ. ಅದನ್ನು ಮುಗಿಸಿ ಸಂಜೆಯ ಬಸ್ಸಿಗೆ ಬಂದು ಮಾವನ ಕಾಲು ಹಿಡಿಯುತ್ತೇನೆ. ನೀನು ನಿಂತ ಜಾಗದಲ್ಲೇ ನಿಲ್ಲುತ್ತೇನೆ. ಕೂಗಬೇಕಾದದ್ದು ಬಾಯಿಪಾಠವಾಗಿದೆ. ನನ್ನ ಗಂಡ ಎಂದು ನೀನು ಹೇಳಿದ ಕಡೆ ನಾನು ಎಂದರಾಯಿತು.