ಪರದೆಯ ಮೇಲೆ ಸಿಕ್ಕಿಕೊಂಡ ಚಿಕ್ಕಹನುಮಕ್ಕ

ಮಧುಗಿರಿ
28-10-2025, ಮಂಗಳವಾರ

ಚಿ. ಸೌ. ಯಶಸ್ವಿನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಹಬ್ಬಕ್ಕೆ ಮುಂಚೆಯೇ ನಿನಗೆ ನೆಗಡಿ ಹಿಡಿದಿತ್ತು, ಈಗ ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀ ತಾನೇ? ನಿಮ್ಮಪ್ಪನ ಮಂಡಿನೋವು ಹೇಗಿದೆ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು, ನೀನು ಎತ್ತಿದ್ದರೆ! ನಿನ್ನೆ ಬೆಳಗ್ಗೆ ಹನ್ನೊಂದಕ್ಕೆ ಮಾಡಿದರೆ ನಿಮ್ಮಮ್ಮ ಎತ್ತಿ ತಮ್ಮ ತೆಲುಗಿನಲ್ಲಿ ‘ಅಮ್ಮಾಯಿ ಪಡುಕೊನುಂದಿ ಬೀಗ್ರೇ’, ಹುಡುಗಿ ಮಲಗಿದ್ದಾಳೆ ಎಂದರು. ಹನ್ನೊಂದು ಗಂಟೆಗೆ ಮಲಗುವ ಹುಡುಗಿಯೇ ನೀನು? ಪಕ್ಕದಲ್ಲೇ ನೀನು ಕೆಮ್ಮಿದ್ದು ನನಗೆ ಕೇಳಿಸಿತು. ಇರಲಿ, ಈ ಕಾಗದವನ್ನಾದರೂ ಮಲಗಿಕೊಂಡೇ ಓದು.

ದೀಪಾವಳಿಯ ಸಂಜೆ ಆದ ಅವಾಂತರವನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನೀನು ಮನೆಮನೆಗೆ ಅಲೆದು ನಮ್ಮ ಬೀದಿಯವರ ಒಬ್ಬೊಬ್ಬರ ಮುಖವನ್ನೂ ವಿಡಿಯೋ ಮಾಡಿದ್ದೆ. ನಿನ್ನ ಗಂಡ ಜಯಕುಮಾರ್ ನಮ್ಮ ಮನೆ ಮುಂಭಾಗಕ್ಕೆಲ್ಲ ಸೀರಿಯಲ್ ಲೈಟ್ ಬಿಗಿದು, ನಡುವೆ ಪರದೆ ಕಟ್ಟಿ, ಹಾಡಿನ ತಾಳಕ್ಕೂ ನಿನ್ನ ಚಿತ್ರಕ್ಕೂ ಸರಿಯಾಗಿ ಕುಣಿಯುವ ಹಾಗೆ ಮಾಡಿದ್ದ. ಜನ ಕುರ್ಚಿ ತಂದು ಹಾಕಿಕೊಂಡು ತಮ್ಮ ತಮ್ಮ ಮುಖ ನೋಡಲು ಕಾದು ಕೂತಿದ್ದರು. ಮೊದಲ ಹಾಡು ಸಲೀಸಾಗಿ ಹೋಯಿತು. ಎರಡನೆಯದಕ್ಕೆ ಚಿತ್ರ ಗಕ್ಕನೆ ನಿಲ್ಲುವುದು, ಜಿಗಿಯುವುದು, ಮತ್ತೆ ನಿಲ್ಲುವುದು. ದೀಪಗಳು ಮುಂದೆ, ಚಿತ್ರ ಹಿಂದೆ. ಎದುರುಮನೆಯ ಚಿಕ್ಕಹನುಮಕ್ಕ ಪರದೆಯ ಮೇಲೆ ಬಾಯಿ ತೆರೆದು ಸಿಕ್ಕಿಕೊಂಡವಳು ಹಾಡು ಮುಗಿದರೂ ಮುಚ್ಚಲಿಲ್ಲ. ಬೀದಿಗೆ ಬೀದಿಯೇ ನಕ್ಕಿತು. ಆಗ ನನ್ನ ಸುಪುತ್ರ ಎಲ್ಲರ ಎದುರಿಗೆ ‘ನಿನ್ ವಿಡಿಯೋನೇ ಸರಿಯಿಲ್ಲ ಕಣೇ, ಬರಲ್ಲ ಅಂದ್ಮೇಲೆ ಯಾಕೆ ಮಾಡಕ್ಕೋಯ್ತೀಯ’ ಎಂದ. ನೀನು ಎದ್ದು ಒಳಗೆ ಹೋದೆ, ಬೆಳಗ್ಗೆ ತವರಿಗೆಂದು ಪಾವಗಡದ ಬಸ್ ಹತ್ತಿದೆ. ನನಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಇಳಿದಿಲ್ಲ.

ಭಾನುವಾರ ತುಳಸಿ ಹಬ್ಬಕ್ಕೆ ಮತ್ತೆ ತೋರಿಸುತ್ತೇನೆಂದು ಆ ಮಹಾನುಭಾವ ಬೀದಿಗೆಲ್ಲ ಹೇಳಿ ಕೂತಿದ್ದಾನೆ. ಅವತ್ತಿನಿಂದ ಈ ಮನೆ ಮನೆಯಾಗಿ ಉಳಿದಿಲ್ಲ. ಮೊದಲು ಪೆನ್‌ಡ್ರೈವ್ ಬದಲಾಯಿಸಿದ. ಆಮೇಲೆ ತುಮಕೂರಿಗೆ ಹೋಗಿ ಹೊಸ ಕೇಬಲ್ ತಂದ. ಕೇಬಲ್ ಟಿವಿಯ ನಾಗಲಿಂಗಯ್ಯನನ್ನು ಕರೆಸಿದರೆ ಅವನು ಗೋಡೆಯ ಪ್ಲಗ್ಗನ್ನು ದಿಟ್ಟಿಸಿ ನೋಡಿ ‘ವೋಲ್ಟೇಜೇ ಇಲ್ಲ ಕಣಣ್ಣ, ಹೆಂಗೆ ಓಡ್ತದೆ’ ಎಂದು ತೀರ್ಪು ಕೊಟ್ಟು ಕಾಫಿ ಕುಡಿದು ಹೋದ. ವೋಲ್ಟೇಜ್ ಉಳಿಸಲು ಫ್ರಿಜ್ ಆರಿಸಿದರು. ಹಾಲು ಒಡೆಯಿತು, ನಿಮ್ಮತ್ತೆಯ ತಾಳ್ಮೆಯೂ ಒಡೆಯಿತು, ವಿಡಿಯೋ ಮಾತ್ರ ಹಾಗೆಯೇ ಕುಂಟಿತು. ಕೊನೆಗೆ ನಿನ್ನ ವಿಡಿಯೋವನ್ನೇ ಹಿಂಡಿ ಸಣ್ಣದು ಮಾಡಿದ. ಮುಖಗಳೆಲ್ಲ ಮಸುಕಾದವು, ಕುಂಟುವುದು ಬಿಡಲಿಲ್ಲ. ಇದರ ಮೇಲೆ ಚಿಕ್ಕಹನುಮಕ್ಕ ದಿನಾ ಸಂಜೆ ಗೇಟಿನ ಹತ್ತಿರ ಬಂದು ‘ಇವತ್ತಾದ್ರೂ ನನ್ ಬಾಯಿ ಮುಚ್ಸಿದ್ರೇನಪ್ಪ’ ಎಂದು ಕೇಳುತ್ತಾಳೆ. ತಲೆ ಚಿಟ್ಟು ಹಿಡಿದು ಹೋಗಿದೆ ಕಣಮ್ಮ.

ನಾನು ಕೋರ್ಟಿನಲ್ಲಿ ಗುಮಾಸ್ತನಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು. ವಿಚಾರಣೆಯೇ ಇಲ್ಲದೆ ಸೊಸೆಗೆ ಶಿಕ್ಷೆ ಆದದ್ದು ನನಗೆ ಸಹಿಸಲಾಗಲಿಲ್ಲ. ನಿನ್ನೆ ಎಲ್ಲರೂ ಹೊರಗೆ ಹೋದಾಗ ನಾನೇ ಹಾಕಿಕೊಂಡು ಕೂತೆ. ಪ್ರತಿ ಸಲವೂ ಮೊದಲ ಹಾಡು ಚೆನ್ನಾಗಿರುತ್ತದೆ, ಆಮೇಲೆ ಕೆಡುತ್ತದೆ. ವಿಡಿಯೋ ಓಡಿಸುವ ಆ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ ಕೈ ಇಟ್ಟರೆ, ಬಟ್ಟೆಯ ಮೇಲಿಂದಲೇ ದೋಸೆ ಕಾವಲಿಯ ಹಾಗೆ ಸುಟ್ಟಿತು. ಬಟ್ಟೆ ಎಂದೆನಲ್ಲ, ಅದು ನಿಮ್ಮತ್ತೆ ಹೊಲಿದ ಗವಸು. ಮಿಕ್ಸಿಗೆ ಗವಸು, ಟಿವಿಗೆ ಗವಸು, ರಿಮೋಟಿಗೆ ಗವಸು. ಈ ಮನೆಯಲ್ಲಿ ಗವಸು ಇಲ್ಲದ ವಸ್ತುವೆಂದರೆ ನಾನೊಬ್ಬನೇ. ಪೆಟ್ಟಿಗೆಗೂ ರವಿಕೆ ಕಣದಲ್ಲಿ ನೆರಿಗೆ ಇಟ್ಟು, ವೈರು ಬರಲು ತೂತು ಬಿಟ್ಟು, ಗುಂಡಿ ಸಮೇತ ಹೊಲಿದು ತೊಡಿಸಿದ್ದಾಳೆ. ಬಿಸಿಗಾಳಿ ಹೊರಗೆ ಹೋಗುವ ಕಂಡಿಗಳೆಲ್ಲ ಬಂದ್, ಕಾದ ಪೆಟ್ಟಿಗೆ ಕುಂಟದೆ ಏನು ಮಾಡೀತು! ಗವಸು ತೆಗೆದು, ಆರಲು ಬಿಟ್ಟು, ವಿಡಿಯೋ ಹಾಕಿದೆ, ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲದೆ ಓಡಿತು. ಮತ್ತೆ ತೊಡಿಸಿದೆ, ಚಿಕ್ಕಹನುಮಕ್ಕ ಬಾಯಿ ತೆರೆದಳು. ಬಿಚ್ಚಿದೆ, ಸ್ವಲ್ಪ ಹೊತ್ತಿಗೆ ಮುಚ್ಚಿದಳು. ಇಷ್ಟು ದಿನ ಎಲ್ಲರೂ ಆ ಗವಸಿನ ಮುಂದೆಯೇ ಕೂತು ವೋಲ್ಟೇಜ್ ಹುಡುಕಿದ್ದಾರೆ.

ಜಯಕುಮಾರನನ್ನು ಕರೆದು ತೋರಿಸಿದೆ, ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು. ತನ್ನ ಪರವಾಗಿ ನಾಲ್ಕು ಸಾಲು ಬರೆಯಿರಿ ಎನ್ನುತ್ತಾನೆ. ಬರೆಯುವುದಿಲ್ಲ. ಬೀದಿಯಲ್ಲಿ ಬೈಯಲು ಬಾಯಿತ್ತಲ್ಲ, ಅದೇ ಬಾಯಲ್ಲಿ ಬಂದು ಕೇಳಿಕೊಳ್ಳಲಿ. ನಿಮ್ಮಪ್ಪನ ಎದುರಿಗೆ ಬರಲು ಅವನಿಗೆ ಹೆದರಿಕೆಯಂತೆ, ಹೆದರಲಿ. ನಿಮ್ಮತ್ತೆಯಂತೂ ‘ಓಹೋ, ಈಗ ಎಲ್ಲಾನೂ ನನ್ ತಲೆಗೇ ಕಟ್ಬುಡಿ’ ಎಂದು ಗವಸು ಕಿತ್ತುಕೊಂಡು ಅಡಿಗೆಮನೆಗೆ ಹೋದವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದಾಳೆ.

ನಿನ್ನ ವಿಡಿಯೋದಲ್ಲಿ ಎಳ್ಳಷ್ಟೂ ತಪ್ಪಿಲ್ಲ ಮಗಳೇ. ನಿನ್ನೆ ಒಬ್ಬನೇ ಕೂತು ಪೂರ್ತಿ ನೋಡಿದೆ. ಬೀದಿಯವರೆಲ್ಲ ಇದ್ದಾರೆ, ತೆಗೆದವಳು ಮಾತ್ರ ಎಲ್ಲೂ ಇಲ್ಲ. ನೀನು ಬರದಿದ್ದರೆ ಭಾನುವಾರ ಒಂದು ಬಲ್ಬೂ ಉರಿಯಕೂಡದು ಎಂದು ಹೇಳಿಬಿಟ್ಟಿದ್ದೇನೆ. ನೀನಿಲ್ಲದೆ ಈ ಮನೆಯಲ್ಲಿ ನನಗೆ ಅನ್ನ ಸೇರುತ್ತಿಲ್ಲ. ಬೀಗರಿಬ್ಬರಿಗೂ ನನ್ನ ನಮಸ್ಕಾರ ತಿಳಿಸು. ನೂರು ಕಾಲ ಸುಖವಾಗಿರು.

ನಿನ್ನ ದಾರಿ ನೋಡುತ್ತಿರುವ ಮಾವ,
ವೆಂಕಟರಾಮಯ್ಯ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮತ್ತೆ ಬಂದು ಪಕ್ಕದಲ್ಲಿ ನಿಂತಳು. ‘ಅವ್ಳು ಹಬ್ಬಕ್ ಮುಂಚೇನೇ ಅಂದಿದ್ಲು ಕಣ್ರೀ, ಇದಕ್ಕೆ ಗಾಳಿ ಆಡ್ಬೇಕು, ಮುಚ್ಬೇಡಿ ಅತ್ತೆ ಅಂತ. ಧೂಳು ಕೂತ್ರೆ ನಿಮ್ಮಮ್ಮ ಬಂದು ಒರೆಸ್ತಾರಾ ಅಂದ್ಬುಟ್ಟೆ’ ಎಂದಳು. ಹಾಗಾದರೆ ನಿನಗೆ ಗೊತ್ತಿತ್ತು! ಅವನು ಬೀದಿಯ ಮುಂದೆ ಕೂಗಾಡುವಾಗ ನೀನು ಅತ್ತೆಯ ಕಡೆ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ಅದನ್ನು ಹೇಳುತ್ತಲೇ ಅವಳು ಅತ್ತಳು. ಈಗ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ಪೋಸ್ಟ್ ಬೇಡವಂತೆ, ಕಾಗದವನ್ನು ತಾನೇ ತಂದು ಕೊಡುತ್ತಾಳಂತೆ. ಕರೆಯದೆ ಬೀಗರ ಮನೆಗೆ ಹೋದವಳಲ್ಲ ಅವಳು, ಬಸ್ಸೆಂದರೆ ವಾಂತಿ ಬೇರೆ. ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಬರುವುದಿಲ್ಲ, ಅದಕ್ಕೆ ಕಾಯಬೇಡ. ನಿಮ್ಮ ಬಾಗಿಲಿಗೆ ಬಂದು ನಿಂತಿದ್ದಾಳಲ್ಲ, ಅದೇ ಆ ಮಾತು. ಒಳಗೆ ಕರೆದು ಮೊದಲು ಒಂದು ಲೋಟ ಮಜ್ಜಿಗೆ ಕೊಡಮ್ಮ.