ಎರಡು ಅಳತೆಯ ಚಂದ್ರ

ನೂರೋತಾ
ಮಾರ್ಚ್ ಮೊದಲ ವಾರ

ತಂಗಿ ಸನೋಬರ್,

ಬದುಕಿದ್ದೇನೆ. ಮೊಣಕಾಲು ಬಿಟ್ಟರೆ ಉಳಿದದ್ದೆಲ್ಲ ಸರಿಯಿದೆ. ನೀನಾಗಿ ಕೇಳುವವಳಲ್ಲ, ಅದಕ್ಕೆ ನಾನೇ ಹೇಳಿದೆ.

ಅರ್ಧಕ್ಕೇ ಶಾಲೆ ಬಿಟ್ಟ ನನ್ನನ್ನು ಇಲ್ಲಿನ ವೃತ್ತಿಶಾಲೆಯವರು ಕಸೂತಿ ಕಲಿಸಲು ಕರೆದಿದ್ದಾರೆ. ಹುಡುಗಿಯರು ಉಸ್ತಾದ್ ಅನ್ನುತ್ತಾರೆ. ನಗಬೇಡ.

ಅಮ್ಮ ಮಾಡುತ್ತಿದ್ದ ಹಾಗೆಯೇ ಮಾಡಿಸಿದೆ. ಕಿರಿದಾದ ಬಟ್ಟೆಯ ಪಟ್ಟಿಗಳನ್ನು ಸಡಿಲವಾಗಿ ಜೋಡಿಸಿ, ಜೋಡಣೆಯ ಮೇಲೆ ದುಂಡು ಚಂದ್ರಗಳನ್ನು ಬರೆದು, ಮತ್ತೆ ಬಿಚ್ಚಿ, ಒಬ್ಬೊಬ್ಬಳ ಮನೆಗೆ ಒಂದೊಂದು ಪಟ್ಟಿ ಕಳಿಸಿದೆ. ಕಸೂತಿ ಮುಗಿಸಿ ತಂದರು. ಜೋಡಿಸಿದರೆ ನಡುವಿನ ಚಂದ್ರನ ಎರಡು ಅರ್ಧಗಳು ಕೂಡಲೇ ಇಲ್ಲ. ಒಂದರ್ಧ ಇನ್ನೊಂದಕ್ಕಿಂತ ಬೆರಳಗಲ ದೊಡ್ಡದು.

ಶುರುವಾಯಿತು. 'ದಾರ ಜಗ್ಗಿ ಜಗ್ಗಿ ಬಟ್ಟೆ ಮುದುಡಿಸಿದೀಯ ಕಣೇ' ಎಂದಳು ಮಫ್ತುನಾ. 'ಹೋಗೇ, ನಿಂದು ಹುಳಿ ಬಂದ ಹಿಟ್ಟಿನ ಥರ ಉಬ್ಬಿದೆ' ಎಂದಳು ಇರೋದಾ. ಇಬ್ಬರೂ ಕತ್ತರಿಗೆ ಕೈ ಹಾಕಿದರು. ಕಿತ್ತುಕೊಂಡು ಗದರಿದೆ: 'ಎರಡು ಕೈ ಮಾಡಿದ್ದು ಎರಡು ಥರಾನೇ ಇರ್ತದೆ! ಬಾಯ್ಮುಚ್ಕೊಂಡು ಹಾಗೇ ಹೊಲೀರಿ.' ಹೊಲಿದರು. ಚೆನ್ನಾಗಿಯೇ ಕಾಣುತ್ತದೆ, ದರಿದ್ರದ್ದು.

ಮರುದಿನ ಇರೋದಾ ಬಿಸಿ ರೊಟ್ಟಿ ಕೊಡಲು ಮನೆಗೆ ಬಂದವಳು ಗೋಡೆಗೆ ತೂಗುಹಾಕಿದ ನನ್ನ ಹಳೆಯ ಪಟ್ಟಿ ನೋಡಿದಳು. 'ಉಸ್ತಾದ್, ಈ ಚಂದ್ರನ ಇನ್ನರ್ಧ ಎಲ್ಲಿ?' 'ಬುಖಾರಾದಲ್ಲಿ. ಚಹಾ ಕುಡಿ' ಎಂದೆ. 'ಯಾರ ಹತ್ರ?' ಎಂದಳು. ಅವಳ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದೆ. ಅವಳು ಹೋದ ಮೇಲೆ ಬಟ್ಟಲು ತೊಳೆಯಲು ಮನಸ್ಸಾಗಲಿಲ್ಲ. ಈ ಮನೆಯಲ್ಲಿ ಎರಡು ಬಟ್ಟಲು ಎಂಜಲಾಗಿ ಎಷ್ಟೋ ಕಾಲವಾಗಿತ್ತು.

ಆ ಚಂದ್ರ ನಿನ್ನ ಮಗಳ ಮದುವೆಗೆಂದು ನಾವಿಬ್ಬರೂ ಅರ್ಧರ್ಧ ಮಾಡಿದ್ದು. ಕೂಡಲಿಲ್ಲವೆಂದು ಬೀಗರ ಎದುರೇ ಕಿತ್ತಾಡಿದೆವು. ಹೊಲಿಗೆ ಬಿಚ್ಚಿ, ನಿನ್ನರ್ಧ ಎತ್ತಿಕೊಂಡು ಹೋದವಳು ನೀನು. ಈಗ ಆ ಹುಡುಗಿಗೇ ಮಕ್ಕಳಿವೆಯಂತೆ. ಸಂತೆಯಲ್ಲಿ ಯಾರೋ ಹೇಳಿದರು. ಸಂತೆಯಲ್ಲಿ!

ನನ್ನದು ತಪ್ಪೆಂದು ಈಗಲೂ ಒಪ್ಪುವುದಿಲ್ಲ. ನಿನ್ನ ಕೈ ಮೊದಲಿನಿಂದಲೂ ಬಿಗಿ.

ನವ್ರೂಜ್ ಹಬ್ಬಕ್ಕೆ ಮುಂಚೆ ನಿನ್ನ ಪಟ್ಟಿ ಕಳಿಸು. ಹುಡುಗಿಯರಿಗೆ ತೋರಿಸಬೇಕು. ಪಾಠಕ್ಕೆ, ಅಷ್ಟೇ.

ನಿನ್ನ ಅಕ್ಕ,
ಹೋಸಿಯತ್

ಇನ್ನೊಂದು ಮಾತು: ಟಪಾಲಿಗೆ ಹಾಕಬೇಡ, ಕಳೆದುಹೋಗುತ್ತದೆ. ನನ್ನರ್ಧವನ್ನು ಬಿಸಿನೀರಿನಲ್ಲಿ ನೆನೆಸಿ ನೋಡಿದೆ, ಕುಗ್ಗಿ ನಿನ್ನದಕ್ಕೆ ಸಮವಾಗಲಿ ಎಂದು. ಕೆಂಪು ಒಂದಿಷ್ಟು ಬಿಟ್ಟಿತು, ಅಳತೆ ಹಾಗೇ ಇದೆ. ಸೂಜಿಯ ಕಣ್ಣು ನನಗೀಗ ಕಾಣುವುದಿಲ್ಲ. ಇರೋದಾಳ ಕೈಯಲ್ಲಿ ದಾರ ಪೋಣಿಸಿಕೊಂಡು, ಸೂಜಿಯನ್ನು ಗೋಡೆಯ ಪಟ್ಟಿಯ ಅಂಚಿಗೇ ಚುಚ್ಚಿಟ್ಟಿದ್ದೇನೆ. ಬಾ.