ಮುಚ್ಚಳ ಬಂತು

ನವೆಂಬರ್ 4, ಮಂಗಳವಾರ

ನಲ್ಲಿಯಲ್ಲಿ ನೀರು ಬರಲಿಲ್ಲ. ಊರಂಚಿನ ಕರೂರಿನ ಚೀಲದ ಫ್ಯಾಕ್ಟರಿ ಮುಟ್ಟುವಷ್ಟರಲ್ಲಿ ತಡ. ಮ್ಯಾನೇಜರ್ ಗಡಿಯಾರ ನೋಡಿದರು, ನಾನು ನೆಲ ನೋಡಿದೆ. ಇಡೀ ದಿನ ಚೀಲದ ಬಿಲ್ಲುಗಳು.

ದಾರಿಯಲ್ಲಿ ಪೋಸ್ಟರ್ ಅಂಟಿಸಿದ್ದಾರೆ. 'ಅಜ್ಜಮ್ಮನ ದಂತಕಥೆ'. ಕಂಬಳಿ ಹೊದ್ದ ಕಾರ್ಟೂನ್ ಅಜ್ಜಿ, ಪಕ್ಕದಲ್ಲಿ ಸ್ಟೀಲ್ ಲೋಟ. ಹತ್ತಿರ ಹೋಗಿ ನೋಡಿದರೆ ಮಾತ್ರ ಲೋಟದೊಳಗಿನ ಹಲ್ಲು ಸೆಟ್ ಕಾಣುತ್ತದೆ. ಆ ಹಲ್ಲು ಸೆಟ್ಟಿಗೆ ಧ್ವನಿ ನನ್ನದು. ಪ್ರಚಾರದ ಆಟೋಗಳಲ್ಲಿ 'ಬನ್ನಿ ಬನ್ನಿ, ಸೀರೆಗಳ ಭಾರಿ ರಿಯಾಯಿತಿ' ಎಂದು ಕೂಗುವುದೂ ನಾನೇ. ಅದನ್ನು ಕೇಳಿಯೇ ಡೈರೆಕ್ಟರ್ ಸಿದ್ದು ಹುಡುಕಿಕೊಂಡು ಬಂದದ್ದು. ಸಾರಥಿ ಎಂಬ ಹಳ್ಳಿಯ ಹುಡುಗ.

ಸಂಜೆ ತೋಟಪ್ಪ ಮಾವ ಬಂದಿದ್ದರು. ಅತ್ತೆಯ ತಮ್ಮ, ಎಪಿಎಂಸಿಯಲ್ಲಿ ದಲಾಲಿ ಮಂಡಿ. ಸಿನಿಮಾ ನೋಡಿ ಎಷ್ಟು ವರ್ಷವಾಯಿತೋ.

"ಪೋಸ್ಟರ್ ನೋಡ್ದೆ ವಾಣಿ. 'ಎ' ಅಂತ ಕೊಟ್ಟಾರ. ನಮ್ಮ ಮೆಕ್ಕೆಜೋಳಕ್ಕೂ ಎ ಗ್ರೇಡ್ ಸುಮ್ನೆ ಕೊಡಲ್ಲ. ಮಾಲು ಚೊಲೋ ಐತೆ ಅಂತಾತು."

"ಮಾವ, ಅದು ಬೇರೆ ಎ..."

"ಏ, ಕಾರ್ಟೂನಿಗೆ ಯಾರು ಆ ಎ ಕೊಡ್ತಾರ!"

ಅತ್ತೆಗೆ ಅಷ್ಟೇ ಸಾಕಾಯಿತು. ಭಾನುವಾರ ತಮ್ಮ ಮಹಿಳಾ ಸಂಘ, ಅಕ್ಕನ ಬಳಗದವರೆಲ್ಲ ಹೋಗುವುದೆಂದು ಆಗಲೇ ತೀರ್ಮಾನ. ಅಜ್ಜಿ, ದಂತಕಥೆ... ನೀತಿ ಇರುತ್ತದಂತೆ.

"ಅತ್ತೀ, ಅದು ದೊಡ್ಡೋರ ಸಿನಿಮಾ ರೀ," ಅಂದೆ.

"ನಾವೇನು ಸಣ್ಣೋರಾ?"

ಏನು ಹೇಳಲಿ. ನನ್ನ ಹೆದರಿಕೆ ಎ ಬಗ್ಗೆ ಅಲ್ಲ. ಒಂದು ಮಾತಿನ ಬಗ್ಗೆ. ಅತ್ತೆಯ ಗಂಡ, ನಮ್ಮ ಮಾವನವರು, ಬದುಕಿದ್ದಾಗ ಗೇಟಿನ ಹತ್ತಿರ ಎರಡು ಸಲ ಕೆಮ್ಮಿ ಒಳಗೆ ಬರುತ್ತಿದ್ದರು. ಕೆಮ್ಮು ಕೇಳಿದ್ದೇ ಅತ್ತೆ ಅಡುಗೆಮನೆಯಲ್ಲಿ ನನ್ನ ಕಡೆ ವಾಲಿ, "ಮುಚ್ಚಳ ಬಂತು" ಅನ್ನುತ್ತಿದ್ದರು. ಅತ್ತೆ ಸೊಸೆ ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಗುವುದು. ಆ ಮನೆಯಲ್ಲಿ ನಾನು ಮೊದಲ ಸಲ ನಕ್ಕದ್ದೇ ಹಾಗೆ. ಡಬ್ಬಿಂಗ್ ದಿನ ಸಿದ್ದು "ಅಕ್ಕಾ, ನಿಮ್ಮ ಸ್ವಂತದ್ದು ಏನಾದ್ರೂ ಸೇರಿಸ್ರಿ" ಅಂದ. ಸೇರಿಸಿದೆ. ಕೆಮ್ಮು ಸಮೇತ.

ನವೆಂಬರ್ 7, ಶುಕ್ರವಾರ

ಮೊದಲ ದಿನ. ನಮ್ಮನೆಯವರು—ಸಂತೋಷ—ಮತ್ತು ನಾನು ಸಂಜೆ ಆಟಕ್ಕೆ.

ಕಥೆ ಎಂದರೆ ಇಷ್ಟು. ಅಜ್ಜಮ್ಮ ಸಾಯುತ್ತಾಳೆ. ಹಲ್ಲು ಸೆಟ್ ಮಣ್ಣಿಗೆ ಹೋಗಲು ಒಪ್ಪುವುದಿಲ್ಲ. ಲೋಟದಿಂದ ಹಾರಿ ಬಂದು, ಅಜ್ಜಿ ಬದುಕಿನುದ್ದಕ್ಕೂ ನುಂಗಿಕೊಂಡದ್ದನ್ನೆಲ್ಲ ಆಡುತ್ತದೆ. ಮೊದಲ ರಾತ್ರಿಯ ಗೊರಕೆಯಿಂದ ಹಿಡಿದು ಪಕ್ಕದ ಮನೆಯ ಶಾನುಭೋಗರ ಲುಂಗಿಯ ತನಕ. ಆಮೇಲೆ ದಂತವೈದ್ಯರ ಇಕ್ಕಳವನ್ನು ಪ್ರೀತಿಸಿ ಓಡಿಹೋಗುತ್ತದೆ. ಕೊನೆಗೆ ಚುನಾವಣೆಗೆ ನಿಂತು, ಪಂಚಾಯ್ತಿ ಮೈಕನ್ನೇ ಅಗಿದು ನುಂಗುತ್ತದೆ. ತಲೆ ಬುಡ ಇಲ್ಲ.

ಹಿಂದಿನ ಸಾಲಿನವರು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಿಂದ ಒಬ್ಬರು ಎದ್ದು, "ಇದೂ ಒಂದು ಸಿನಿಮಾನಾ, ದುಡ್ಡು ವಾಪಸ್ ಕೊಡ್ರಿ" ಎಂದು ಪರದೆಗೇ ಬೈದರು. ಹಿಂದಿನವರು ಅದಕ್ಕೂ ನಕ್ಕರು. ನಮ್ಮನೆಯವರೂ ಲುಂಗಿಯ ಮಾತಿನ ತನಕ ನಗುತ್ತಿದ್ದರು. ಪರದೆಯ ಮೇಲೆ ಗಂಡ ಎರಡು ಸಲ ಕೆಮ್ಮಿದ, ಹಲ್ಲು ಸೆಟ್ "ಮುಚ್ಚಳ ಬಂತು" ಅಂತು. ಥಿಯೇಟರ್ ಹಾರಿಹೋಗುವಂತೆ ನಗು. ಇವರು ಮಾತ್ರ ನನ್ನ ಕಡೆ ತಿರುಗಿದರು.

ಮನೆ ಹತ್ತಿರ ಗಾಡಿ ನಿಲ್ಲಿಸಿ ಕೇಳಿದರು. "ಅದು ಅಪ್ಪನ ಕೆಮ್ಮಲ್ಲೇನು?"

"ಹೂಂ."

"ಆ ಮಾತು?"

ನಾನು ಇಳಿದು ಗೇಟು ತೆಗೆದೆ. ಅದೂ ಅಪ್ಪನಿಗೇ ಅಂದದ್ದೆಂದು ಇವರಿಗೆ ತಿಳಿಯಿತು. "ಅವ್ವನ್ನ ಭಾನುವಾರ ಹೆಂಗಾರ ಮಾಡಿ ತಡಿ," ಅಂದರು. ಅವ್ವನನ್ನು ತಡೆಯುವುದು ಇವರಿಂದಲೇ ಆಗಿಲ್ಲ, ನನ್ನಿಂದ ಆಗುತ್ತದೆಯೇ.

ನವೆಂಬರ್ 9, ಭಾನುವಾರ

ತಡೆಯಲಾಗಲಿಲ್ಲ. ಬಳಗದ ಹೆಂಗಸರೆಲ್ಲ ವಿಭೂತಿ ಹಚ್ಚಿಕೊಂಡು, ಪ್ರವಚನಕ್ಕೆ ಹೊರಟ ಹಾಗೆ ಮೂರು ಆಟೋ. ಅತ್ತೆಯ ಪಕ್ಕ ನಾನು.

ಗೊರಕೆಗೆ ಯಾರೂ ಉಸಿರೆತ್ತಲಿಲ್ಲ. ಲುಂಗಿಗೆ ಕತ್ತಲಲ್ಲಿ ಯಾರೋ 'ಕಿಸಕ್' ಅಂದರು. ಆಮೇಲೆ ತಡೆಯುವವರೇ ಇಲ್ಲ. ಅಧ್ಯಕ್ಷೆ ಸರ್ವಮಂಗಳಮ್ಮ ಇಂಟರ್ವಲ್‌ನಲ್ಲಿ ಎದ್ದು ನಿಂತು, "ಮಾನ ಮರ್ಯಾದಿ ಇರೋರು ಏಳ್ರಿ" ಅಂದರು. ಅರ್ಧ ಜನ ಎದ್ದರು. ಉಳಿದರ್ಧ ಜನಕ್ಕೆ ಒಮ್ಮೆಗೇ ಮೊಣಕಾಲು ನೋವು ಬಂತು. ಹೋದವರಲ್ಲೂ ಒಬ್ಬರು ಚಪ್ಪಲಿ ಹುಡುಕುವ ನೆಪದಲ್ಲಿ ವಾಪಸ್ ಬಂದು ಹಿಂದೆ ಕೂತರು.

ಅತ್ತೆ ಏಳಲಿಲ್ಲ. ಕೆಮ್ಮು ಬಂತು, ಮಾತು ಬಂತು. ಸುತ್ತಲೂ ನಗು. ನಾನು ಪರದೆ ನೋಡಲಿಲ್ಲ, ಅತ್ತೆಯ ಮುಖ ನೋಡಿದೆ. ನಗಲಿಲ್ಲ. ಸಿಟ್ಟೂ ಆಗಲಿಲ್ಲ. ಕೈಲಿದ್ದ ಕರ್ಚೀಫನ್ನು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು. ಮನೆಗೆ ಬಂದು, "ಅನ್ನಕ್ಕೆ ಇಡ್ತೀಯಾ, ನಾ ಇಡ್ಲಾ?" ಅಂದರು. ಅಷ್ಟೇ.

ನವೆಂಬರ್ 11, ಮಂಗಳವಾರ

ಫ್ಯಾಕ್ಟರಿಯಲ್ಲಿ ಎರಡು ಪಾರ್ಟಿ. ಡಿಸ್ಪ್ಯಾಚ್ ಕುತುಬುದ್ದೀನ್ ಭಾಯಿ ಎರಡು ಸಲ ನೋಡಿದ್ದಾರಂತೆ. "ಮೇಡಂ, ನಮ್ಮನೇಲಿ ಎಲ್ರೂ ಫಿದಾ." ಸ್ಟೋರಿನ ಪಂಚಾಕ್ಷರಪ್ಪನವರು ನನ್ನ ಟೇಬಲ್ ಮೇಲೆ ಬಿಲ್ ಇಡುವಾಗ ಮುಖ ಆ ಕಡೆ. ಊಟದ ಹೊತ್ತಿಗೆ ಮ್ಯಾನೇಜರ್ ಬರುವುದು ಕಂಡು ಒಬ್ಬಳು ಮೆಲ್ಲಗೆ, "ಮುಚ್ಚಳ ಬಂತು" ಅಂದಳು. ಎಲ್ಲರೂ ನಕ್ಕರು. ನಾನು ಉಳಿದ ರೊಟ್ಟಿಯನ್ನು ಡಬ್ಬಿಗೆ ವಾಪಸ್ ಹಾಕಿದೆ.

ಅತ್ತೆ ಮಾತಾಡುತ್ತಾರೆ—ಹಾಲು, ತರಕಾರಿ, ಗ್ಯಾಸ್. ಅದರಾಚೆ ಇಲ್ಲ.

ನವೆಂಬರ್ 13, ಗುರುವಾರ

ಇವತ್ತು ಅತ್ತೆ ಮಾತಾಡಿದರು. ಸೊಪ್ಪು ಬಿಡಿಸುತ್ತಿದ್ದೆವು. ತಲೆ ಎತ್ತದೆ,

"ನಾ ಅದನ್ನ ನಿನಗ ಅಂತ ಹೇಳಿದ್ದು ವಾಣಿ. ಊರಿಗಲ್ಲ."

"ತಪ್ಪಾತು ಅತ್ತೀ."

"ಹೂಂ."

ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಮ್ಮ ಇಲ್ಲ. ಮದುವೆಯಾಗಿ ಬಂದ ಮೇಲೆ ಈ ಅಡುಗೆಮನೆಯೇ ತವರು. ಬಚ್ಚಲಲ್ಲಿ ನಲ್ಲಿ ತಿರುಗಿಸಿ ನಾನು ಅತ್ತುಬಿಟ್ಟೆ.

ನವೆಂಬರ್ 16, ಭಾನುವಾರ

ಹರಿಹರದಲ್ಲೂ ಹಾಕಿದ್ದಾರೆ. ಅಲ್ಲಿರುವ ದೊಡ್ಡ ಭಾವ ಕೊಟ್ಟೂರೇಶ್ ಹೆಂಡತಿಯನ್ನು ಕರೆದುಕೊಂಡು ನೋಡಿದ್ದಾರೆ. ಥಿಯೇಟರಿನಿಂದ ಮನೆಗೂ ಹೋಗದೆ ನೇರ ಇಲ್ಲಿಗೆ, ಪಿ.ಜೆ. ಬಡಾವಣೆಯ ನಮ್ಮ ಮನೆಗೆ.

"ನಮ್ಮಪ್ಪನ ಕೆಮ್ಮು ನನಗ ಗೊತ್ತಾಗಲ್ಲೇನು? ಹರಿಹರದ ಮಂದಿ ನಮ್ಮಪ್ಪನ್ನ ನೋಡಿ ನಗಬೇಕೇನು?" ನಿಂತೇ ಇದ್ದರು. ಕೂಡ್ರಿ ಅಂದರೂ ಕೂಡಲಿಲ್ಲ. "ಸೀರೆ ಮಾರೋ ಬಾಯಿ, ಸೀರೆ ಮಾರ್ಕೊಂಡು ಇರ್ಬೇಕಿತ್ತು."

ದನಿ ನಡುಗುತ್ತಿತ್ತು. ಬರೀ ಸಿಟ್ಟಲ್ಲ. ಮಾವನವರ ಮೇಲೆ ಅವರಿಗೆ ಜೀವ. ಆಸ್ಪತ್ರೆಯಲ್ಲಿ ಕೊನೆಯ ತನಕ ಕಾಲು ಒತ್ತಿದವರು ಅವರೇ. ಅದು ನನಗೂ ಗೊತ್ತು. ಅದಕ್ಕೇ ಎದುರು ಮಾತಾಡಲಿಲ್ಲ.

ಹಿಂದೆ ನಿಂತಿದ್ದ ಭಾವನ ಹೆಂಡತಿ ಆಶಾರಾಣಿ ಅಕ್ಕ, "ನೀವೂ ಮೊದಲಿಗೆ ನಕ್ಕಿರಲ್ರೀ..." ಅಂದಳು.

"ಆಶಾ. ಸಾಕು."

ಅಕ್ಕ ಬಾಯಿ ಮುಚ್ಚಿದಳು. ಭಾವ ಇಷ್ಟು ಹೇಳಿದರು: ಬಳಗದ ಗ್ರೂಪಿನಲ್ಲಿ ನಾನು ತಪ್ಪೊಪ್ಪಿಕೊಂಡು ವಿಡಿಯೋ ಹಾಕಬೇಕು. ಧ್ವನಿ ಕೊಡುವ ಕೆಲಸ ಇವತ್ತಿಗೇ ನಿಲ್ಲಬೇಕು. ಅಲ್ಲಿಯ ತನಕ ಅವ್ವ ಈ ಮನೆಯಲ್ಲಿ ಇರಕೂಡದು.

ಅತ್ತೆ ಬ್ಯಾಗ್ ತುಂಬಿದರು. ನನ್ನ ಕಡೆ ನೋಡಲಿಲ್ಲ. ಹೊರಟರು.

ನವೆಂಬರ್ 21, ಶುಕ್ರವಾರ

ಬರೆಯಲು ಏನೂ ಇಲ್ಲ. ಚಹಾ ಮೂರು ಲೋಟ ಮಾಡಿ ಒಂದನ್ನು ಚೆಲ್ಲುತ್ತೇನೆ. ಇವರು ದಿನಾ ಹರಿಹರಕ್ಕೆ ಫೋನ್ ಮಾಡುತ್ತಾರೆ. ಅತ್ತೆ 'ಆರಾಮ ಅದೀನಿ' ಅನ್ನುತ್ತಾರಂತೆ. ನನ್ನನ್ನು ಕೇಳುವುದಿಲ್ಲವಂತೆ.

ಸಿದ್ದು ಫೋನ್ ಮಾಡಿದ್ದ. "ಅಕ್ಕಾ, ಅರ್ಧ ಜನ ಬೈತಾರ, ಅರ್ಧ ಜನ ತಲೆ ಮೇಲೆ ಹೊತ್ಕೊಂಡಾರ. ಎಲ್ಲಿ ಹೋದ್ರೂ ನಿಮ್ಮ ಮುಚ್ಚಳದ್ದೇ ಮಾತು!"

"ಅದನ್ನ ತೆಗೆಯಾಕೆ ಬರುತ್ತೇನು?"

ಸೋಮವಾರದಿಂದ ಬೇರೆ ಕಾಪಿ ಕಳಿಸಬಹುದು, ಆ ಜಾಗದಲ್ಲಿ ಶಬ್ದ ಇರುವುದಿಲ್ಲ, ಹಲ್ಲು ಸುಮ್ಮನೆ ಅಲ್ಲಾಡುತ್ತದೆ ಅಂದ.

ತೆಗೆ ಅಂದೆ. ಅತ್ತೆ ವಾಪಸ್ ಬಂದರೆ ಸಾಕು. ಈ ಬಾಯಿ ಬೇಕಿದ್ದರೆ ಹೊಲಿದುಕೊಳ್ಳುತ್ತೇನೆ.

ನವೆಂಬರ್ 23, ಭಾನುವಾರ

ಹರಿಹರಕ್ಕೆ ಹೋಗಿ ಬಂದೆವು. ಮೊದಲಿನಿಂದ ಬರೆಯುತ್ತೇನೆ.

ಊಟ ಆಯಿತು. ಭಾವ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದರು. ಏನು ಹೇಳಬೇಕೆಂಬುದೂ ಅವರದ್ದೇ. "ಪೂಜ್ಯ ಮಾವನವರ ಸ್ಮರಣೆಗೆ ಧಕ್ಕೆ ತಂದಿದ್ದಕ್ಕೆ..." ಹಾಗೇ ಹೇಳಬೇಕು. ಇವರು "ಇಷ್ಟು ಬೇಕೇನೋ ಅಣ್ಣ" ಅಂದರು, ಅಲ್ಲಿಗೇ ನಿಂತರು. ನಾನು ಸೆರಗು ಸರಿ ಮಾಡಿಕೊಂಡು ಕೂತೆ. ಆಗಲಿ ಅಂತಲೇ ಬಂದಿದ್ದೆ.

"ನಮಸ್ಕಾರ. ನಾನು ವಾಣಿ ಸಂತೋಷ..." ಅನ್ನುತ್ತಿದ್ದ ಹಾಗೆ ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಬಂದು ನನ್ನ ಪಕ್ಕ, ಫೋನಿಗೆ ಮುಖ ಮಾಡಿ ಕೂತರು.

"ಅವ್ವಾ, ನೀ ಯಾಕ?"

"ಆ ಮಾತು ಇಕಿದಲ್ಲ. ನಂದು."

ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಆಯಿತು. ಭಾವನ ಮುಖ ಬಿಳಿಚಿಕೊಂಡಿತು. "ಅಪ್ಪಗ... ನೀನು?"

"ಹೂಂ. ನಿಮ್ಮಪ್ಪ ಕೆಟ್ಟೋರಲ್ಲ. ಹೊಡಿಲಿಲ್ಲ, ಬಡಿಲಿಲ್ಲ. ಆದ್ರ ಅವರು ಹೊಸ್ತಿಲು ದಾಟಿದ್ರ ನನ್ನ ಬಾಯಾಗಿನ ಮಾತು ಬಾಯಾಗೇ. 'ಗುರುಶಾಂತಾ, ಸಾಕು' ಅನ್ನೋರು. ಏನ್ ಹೇಳಾಕೆ ಹೊಂಟಿದ್ದೆ ಅಂತ ಒಂದಿನಾನೂ ಕೇಳ್ಲಿಲ್ಲ. ಅದಕ್ಕ ಅಡುಗೆಮನ್ಯಾಗ ಒಂದು ಹೆಸರಿಟ್ಟು ನಕ್ಕೆ. ನಗದಿದ್ರ ಹುಚ್ಚು ಹಿಡೀತಿತ್ತು ನನಗ."

ಇವರು ಗೋಡೆ ನೋಡುತ್ತಿದ್ದರು. ಅಲ್ಲಿ ಮಾವನವರ ಫೋಟೋ.

"ಇಕಿ ನನ್ನ ಕೇಳದೆ ಹೇಳಿದ್ದು ತಪ್ಪು. ಅದು ನಮ್ಮಿಬ್ಬರದು, ನಾವು ನೋಡ್ಕೋತೀವಿ," ಅತ್ತೆ ಮುಂದುವರಿಸಿದರು. "ಮಾಫಿ ಕೇಳೋದಿದ್ರ ನಾ ಕೇಳ್ಬೇಕು. ನಿಮ್ಮಪ್ಪನ ಹತ್ರ. ಹೋದ್ಮ್ಯಾಲೆ ಕೇಳ್ತೀನಿ. ಅಲ್ಲಾರ ಪೂರ್ತಿ ಕೇಳಿಸ್ಕೋತಾರೇನೋ."

ಭಾವ ಫೋನ್ ತೆಗೆದು ಜೇಬಿಗೆ ಹಾಕಿಕೊಂಡರು. ಹಿತ್ತಲಿಗೆ ಹೋದರು, ತುಂಬಾ ಹೊತ್ತು ಬರಲಿಲ್ಲ. ಆಶಾರಾಣಿ ಅಕ್ಕ ಮತ್ತು ನಾನು ಪಾತ್ರೆ ತೊಳೆದೆವು. ಅತ್ತೆ ಬ್ಯಾಗ್ ತಂದು ಬಾಗಿಲಲ್ಲಿಟ್ಟರು.

ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಗೊರಕೆ ಸಣ್ಣದಲ್ಲ.

ನವೆಂಬರ್ 24, ಸೋಮವಾರ

ಬೆಳಿಗ್ಗೆ ಅತ್ತೆಯೇ, "ಅದನ್ನ ತೆಗೀಸ್ತೀಯಂತೆ?" ಅಂದರು. ಇವರು ಹೇಳಿರಬೇಕು.

"ತೆಗಿ ಅಂತ ಹೇಳೀನಿ."

"ಬ್ಯಾಡ. ಹೇಳಿದ್ದು ಹೇಳ್ಯಾಗೈತೆ. ಬರೇ ಹಲ್ಲು ಅಲ್ಲಾಡಿದ್ರ ಇನ್ನೂ ಹೊಲಸು ಕಾಣತೈತೆ."

ಸಿದ್ದುಗೆ ಫೋನ್ ಮಾಡಿದೆ. ಕುಣಿದಾಡಿಬಿಟ್ಟ.

ನವೆಂಬರ್ 27, ಗುರುವಾರ

ಸರ್ವಮಂಗಳಮ್ಮ ಬಂದಿದ್ದರು. ಬಳಗ ಎರಡು ಹೋಳಾಗಿದೆ, ಎದ್ದವರು ಮತ್ತು ಕೂತವರು. ರಾಜಿ ಮಾಡಿಸಬೇಕಂತೆ. ಕಾಫಿ ಕುಡಿದು, ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಅದಿರಲಿ ಗುರುಶಾಂತಮ್ಮ... ಆ ಇಕ್ಕಳದ ಜೊತಿ ಓಡಿಹೋದ್ಮ್ಯಾಲೆ ಏನಾತು?" ಅಂದರು.

ಅತ್ತೆ ಕದ ಮುಂದೆ ಮಾಡಿಕೊಂಡು ದ್ವಿತೀಯಾರ್ಧ ಪೂರ್ತಿ ಹೇಳಿದರು. ಸಿನಿಮಾದಲ್ಲಿ ಇಲ್ಲದ್ದೂ ಸ್ವಲ್ಪ ಸೇರಿತು.

ನವೆಂಬರ್ 30, ಭಾನುವಾರ. ಬೆಳಿಗ್ಗೆ

ಕೊಟ್ಟೂರೇಶ್ ಭಾವ ಬಂದಿದ್ದಾರೆ. ಒಬ್ಬರೇ, ಹೇಳದೆ ಕೇಳದೆ. ಇವರು ಮನೆಯಲ್ಲಿಲ್ಲ. ಕಾಫಿ ಕೊಟ್ಟೆ, ಮುಖ ನೋಡದೆ ತೆಗೆದುಕೊಂಡರು. ನಾನು ರೂಮಿಗೆ ಬಂದು ಕೂತೆ. ಕಿವಿ ಮಾತ್ರ ಅಲ್ಲೇ ಇದೆ.

ಮೆಕ್ಕೆಜೋಳದ ರೇಟು ಆಯಿತು. ಚಳಿ ಆಯಿತು. ಅತ್ತೆ "ಹೂಂ, ಹೂಂ" ಅನ್ನುತ್ತಿದ್ದರು. ಆಮೇಲೆ ಭಾವ ಕುರ್ಚಿ ಹತ್ತಿರ ಎಳೆದುಕೊಂಡ ಸದ್ದು.

"ಅವ್ವಾ."

"ಏನಪ್ಪಾ?"

"ಆಶಾ ನನಗೂ ಏನರ ಹೆಸರಿಟ್ಟಾಳೇನು?"

ಅತ್ತೆ ಖಾಲಿ ಲೋಟ ಎತ್ತಿದ ಸದ್ದು.

ಇಟ್ಟಿದ್ದಾಳೆ. ಅವತ್ತು ಪಾತ್ರೆ ತೊಳೆಯುವಾಗ ನನ್ನ ಕಿವಿಯಲ್ಲಿ ಹೇಳಿದಳು. ನನಗೆ ಅಂತ ಹೇಳಿದ್ದು, ಹಾಗಾಗಿ ಇಲ್ಲೂ ಬರೆದಿಲ್ಲ.

ಈಗ ಅತ್ತೆ ಕರೆಯುತ್ತಿದ್ದಾರೆ. "ವಾಣೀ, ಇಲ್ಲಿ ಬಾ. ಇವ ಏನೋ ಕೇಳ್ತಾನ."

ಹೇಳುವುದಿಲ್ಲ. ಆಶಕ್ಕನನ್ನೇ ಕೇಳ್ರಿ ಭಾವ, ಪೂರ್ತಿ ಹೇಳುವ ತನಕ ನಡುವೆ ಮಾತಾಡಬ್ಯಾಡ್ರಿ ಅಂತ ಅಷ್ಟೇ ಹೇಳುತ್ತೇನೆ... ಭಾವ ರೂಮಿನ ಬಾಗಿಲಿಗೇ ಬಂದು ನಿಂತಿದ್ದಾರೆ. ಕಣ್ಣು ಕೆಂಪಗಾಗಿ, ಸಿಟ್ಟಿಗಲ್ಲ—